ಬೆಳಗೋಡಿಗೆ ಹೋಗದ ತೆನೆ

ಆಶ್ಲಿನ್, ರೋಹನ್, ಮೊನ್ನೆ ಮೇರಿ ಮಾತೆಯ ಮೊಂತಿ ಹಬ್ಬದ ದಿನ ನಿಮ್ಮಮ್ಮ ಇಗರ್ಜಿಯಿಂದ ಭತ್ತದ ತೆನೆ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಸೀರೆ ಬದಲಿಸಲು ಹೋದಳಲ್ಲ, ಆಗ ನಾನು ಒಂದು ಕಾಳು ಕಿತ್ತು, ಉಗುರಿನಿಂದ ಸಿಪ್ಪೆ ಬಿಡಿಸಿ ಮೂಗಿಗೆ ಹಿಡಿದೆ. ಇನ್ನೂ ಬಲಿಯದ ಅಕ್ಕಿಯ ಹಸಿ ಹಾಲಿನ ವಾಸನೆ. ಆ ವಾಸನೆ ಬಂದರೆ ನನಗೆ ಇವತ್ತಿಗೂ ಊಟ ಸೇರುವುದಿಲ್ಲ. ಅಂದು ಸಂಜೆ ಜಪಸರ ಮುಗಿದ ಮೇಲೆ, ನಿಮ್ಮಜ್ಜ ಈಗ ಬದುಕಿಲ್ಲದ್ದರಿಂದ ಮನೆಯವರ ಹೆಸರು ಹೇಳಿ ಪ್ರಾರ್ಥಿಸುವ ಸರದಿ ನನಗೆ ಬಂತು. ಕೊನೆಯಲ್ಲಿ ನಾನು ಪೌಲಿನ್ ಎಂದೆ. ಯಾರಜ್ಜಿ ಅದು ಎಂದು ನೀವು ಕೇಳಿದಿರಿ. ಯಾವುದೋ ಹಳೇ ಸಂಬಂಧ, ಮುಂದೆ ಹೇಳಮ್ಮ ಎಂದು ನಿಮ್ಮಪ್ಪ ಮಾತು ಮುಗಿಸಿದ. ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ಮಾತಾಡುವುದು ನನಗೆ ಎಂದೂ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಮನೆಮಾತು ಕೊಂಕಣಿಯಾದರೂ ನನಗೆ ಬರೆಯಲು ಬರುವುದು ಹೆತ್ತೂರಿನ ಶಾಲೆಯಲ್ಲಿ ಏಳನೆಯವರೆಗೆ ಕಲಿತ ಕನ್ನಡವೊಂದೇ.

ನನ್ನ ಅಪ್ಪ ಹೆತ್ತೂರಿನಾಚೆ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಸ್ಟೋರಿನ ಹಿಂದೆ ನಮ್ಮ ಮನೆ, ಇಳಿಜಾರಿನಲ್ಲಿ ಆಳುಗಳ ಸಾಲುಮನೆಗಳ ಲೈನ್. ಮನೆಯಲ್ಲಿ ಅಪ್ಪ, ಅಮ್ಮ, ನಾವು ಮೂವರು ಹುಡುಗಿಯರು, ಕಿಟಕಿಯ ಪಕ್ಕದ ಮಂಚ ಹಿಡಿದಿದ್ದ ಅಪ್ಪನ ತಾಯಿ, ಮತ್ತು ಅಪ್ಪನ ತಂಗಿ ಪೌಲಿನ್ ಅತ್ತೆ. ಅತ್ತೆ ಜಗಲಿಯಲ್ಲಿ ಕೈಮಿಷನ್ ಇಟ್ಟುಕೊಂಡು ಲೈನಿನ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದರು. ನನಗೆ ಅ ಆ ಇ ಈ ತಿದ್ದಿಸಿದವರೂ ಅವರೇ, ಬಟ್ಟೆಯ ಮೇಲೆ ಗೆರೆ ಎಳೆಯುವ ಸೀಮೆಸುಣ್ಣದಲ್ಲಿ. ನನ್ನ ಕೈಯಲ್ಲಿ ಈಗಲೂ ಅಕ್ಷರ ದೊಡ್ಡದಾಗಿ ಬೀಳುವುದು ಅದಕ್ಕೇ ಇರಬೇಕು.

ಅಪ್ಪ ಕೆಟ್ಟವರಾಗಿದ್ದರೆ ನನಗೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು. ಲೈನಿನಲ್ಲಿ ವಾಂತಿಭೇದಿ ಬಂದ ವರ್ಷ ಯಾರೂ ಮುಟ್ಟದ ಹೆಣಕ್ಕೆ ಹೆಗಲು ಕೊಟ್ಟವರು ಅವರು. ಅಜ್ಜಿಯನ್ನು ದಿನವೂ ಎತ್ತಿ ಕೂರಿಸಿ, ಬಿಸಿನೀರಲ್ಲಿ ಮೈ ಒರೆಸಿ, ತಲೆ ಬಾಚುತ್ತಿದ್ದುದೂ ಅವರೇ. ಅಮ್ಮನಿಗೆ ಆ ಕೆಲಸ ಬಿಡುತ್ತಿರಲಿಲ್ಲ. ಸಂಜೆ ಜಪಸರ ತಪ್ಪುತ್ತಿರಲಿಲ್ಲ. ಮೊಂತಿ ಹಬ್ಬಕ್ಕೆ ಬೆಳಗಿನ ಬಸ್ಸಿಗೆ ಸಕಲೇಶಪುರದ ಇಗರ್ಜಿಗೆ ಹೋಗಿ, ಮನೆಯವರು ಎಷ್ಟು ಜನವೋ ಅಷ್ಟೇ ತೆನೆಗಳನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ತರುತ್ತಿದ್ದರು. ಒಂದೊಂದು ತೆನೆಯಿಂದ ಕಾಳು ಬಿಡಿಸಿ ಅರೆದು ತೆಂಗಿನಹಾಲಿಗೆ ಬೆರೆಸಿ, ಅಜ್ಜಿಯಿಂದ ಹಿಡಿದು ಕಿರಿಯ ಮಗುವಿನವರೆಗೆ ಒಂದೊಂದು ಚಮಚ ಬಾಯಿಗೆ ಹಾಕುತ್ತಿದ್ದರು. ಹೊಸ ಅಕ್ಕಿಯನ್ನು ಮನೆಯವರೆಲ್ಲ ಒಟ್ಟಿಗೆ ತಿನ್ನಬೇಕು, ಒಬ್ಬರನ್ನು ಬಿಟ್ಟು ತಿಂದರೆ ಅದು ಹಬ್ಬವಲ್ಲ ಎಂಬುದು ನಮ್ಮವರು ಘಟ್ಟದ ಕೆಳಗಿನಿಂದ ತಂದ ಪದ್ಧತಿ. ಬೊಂಬಾಯಿಯಲ್ಲಿದ್ದ ಚಿಕ್ಕಪ್ಪನ ಪಾಲಿನ ತೆನೆಯನ್ನು ಅಪ್ಪ ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುತ್ತಿದ್ದರು. ಹದಿನೈದು ದಿನಕ್ಕೆ, ತಲುಪಿತು, ತಿಂದೆ, ಎಂದು ಕಾಗದ ಬರುತ್ತಿತ್ತು.

ಪೌಲಿನ್ ಅತ್ತೆ ಬೆಳಗೋಡಿನ ದಿನಸಿ ಅಂಗಡಿಯ ಬಸವರಾಜಪ್ಪನವರನ್ನು ಮದುವೆಯಾದರು. ಅವರದು ವಿಭೂತಿ ಹಚ್ಚುವ ಮನೆ. ಇಗರ್ಜಿಯಲ್ಲಿ ಆಗದ ಆ ಮದುವೆ ನೋಂದಣಿ ಕಚೇರಿಯ ರುಜುವಿನಲ್ಲಿ ಆಯಿತು. ಅಂದು ಸಂಜೆಯಿಂದ ಜಪಸರದ ಕೊನೆಯ ಹೆಸರುಗಳಿಂದ ಅತ್ತೆಯ ಹೆಸರು ಬಿಟ್ಟುಹೋಯಿತು. ಅಪ್ಪ, ಅಮ್ಮನ ಹೆಸರಿನಿಂದ ನೇರ ಬೊಂಬಾಯಿಯ ಚಿಕ್ಕಪ್ಪನಿಗೆ ದಾಟುತ್ತಿದ್ದರು. ಮಂಚದ ಮೇಲಿಂದ ಅಜ್ಜಿ ಮೆಲ್ಲಗೆ, ಪೌಲಿನ್, ಎನ್ನುತ್ತಿದ್ದರು. ಅಪ್ಪ ಮುಂದಿನ ಹೆಸರನ್ನು ಜೋರಾಗಿ ಹೇಳುತ್ತಿದ್ದರು. ಆ ವರ್ಷ ತೆನೆಗಳಲ್ಲಿ ಒಂದು ಕಡಿಮೆಯಾಯಿತು. ಬೊಂಬಾಯಿಗೆ ತೆನೆ ಹೋಯಿತು. ಎರಡು ಬಸ್ಸಿನ ದಾರಿಯ ಬೆಳಗೋಡಿಗೆ ಹೋಗಲಿಲ್ಲ. ಆದರೂ ಅತ್ತೆ ಭಾನುವಾರ ಇಗರ್ಜಿಗೆ ಬಂದು ಬಾಗಿಲ ಹತ್ತಿರ ನಿಲ್ಲುತ್ತಿದ್ದರು. ಅಪ್ಪ ನಮ್ಮನ್ನು ಮುಂದಿನ ಬೆಂಚಿಗೆ ಕರೆದೊಯ್ಯುತ್ತಿದ್ದರು. ನಮ್ಮ ಅಡುಗೆಮನೆಗೆ ಅರೆಯಲು ಬರುತ್ತಿದ್ದ ಲೈನಿನ ದೇವೀರಿ ಒಬ್ಬಳೇ ಬಾಯಿ ಬಿಟ್ಟು ಕೇಳಿದ್ದು. “ನಿಮ್ ದೇವ್ರು ಕಂಡೋರ್ನೆಲ್ಲ ಪಕ್ಕದಲ್ಲಿ ಕೂರುಸ್ಕಂಡು ಉಂಡ ಅಂತೀರಲ್ಲ ಅಮ್ಮಾವ್ರೆ, ಒಡಹುಟ್ಟಿದೋಳಿಗೆ ಒಂದ್ ಚಮ್ಚ ಹಾಕಕ್ಕೆ ರೈಟ್ರಿಗೆ ಏನ್ ದಾಡಿ?” ಅಮ್ಮ, ಕಲ್ಲು ನೋಡಿಕೊಂಡು ಅರೆ, ಎಂದರು.

ಮೂರನೆಯ ವರ್ಷ ಅಜ್ಜಿ ತೀರ ಸೋತಿದ್ದರು. ಹಬ್ಬಕ್ಕೆ ಮುಂಚಿನ ಭಾನುವಾರ ಬೆಳಿಗ್ಗೆ ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಿದರು: “ಹಬ್ಬದ ದಿನ ಊಟಕ್ಕೆ ಮುಂಚೆ ನಿಮ್ಮಪ್ಪ ಧಣಿಗಳ ಬಂಗಲೆಗೆ ಪಾಯಸ ಕೊಡಕ್ಕೆ ಹೋಗ್ತಾನೆ. ಅಷ್ಟರಲ್ಲಿ ಹಿಂದಿನ ಬಾಗಿಲಿಂದ ಬಾ ಅಂತ ಪೌಲಿನ್‌ಗೆ ಹೇಳು. ನನ್ನ ಚಮಚದಲ್ಲೇ ಅರ್ಧ ಅವಳಿಗೆ.” ನಾನು ಇಗರ್ಜಿಯ ಬಾಗಿಲಲ್ಲಿ ಅತ್ತೆಗೆ ಅದನ್ನು ತಲುಪಿಸಿದೆ. “ನನ್ನಮ್ಮನೇ ಹೇಳಿದಳಾ?” ಎಂದು ಅವರು ಮತ್ತೆ ಮತ್ತೆ ಕೇಳಿದರು. ಸೆರಗಿನಿಂದ ನನ್ನ ಮೂಗು ಒರೆಸಿದರು, ನೆಗಡಿ ನನಗಿರಲಿಲ್ಲ.

ಆ ವರ್ಷವೇ ನನ್ನ ಪ್ರಥಮ ಪರಮಪ್ರಸಾದ. ಅದಕ್ಕೆ ಮುಂಚೆ ಪಾಪನಿವೇದನೆಗೆ ತಯಾರಾಗಬೇಕಿತ್ತು. ತಂದೆತಾಯಿಗೆ ಮುಚ್ಚಿಟ್ಟದ್ದೂ ಪಾಪ, ಮನಸ್ಸಲ್ಲಿ ಪಾಪ ಇಟ್ಟುಕೊಂಡು ಪ್ರಸಾದ ನುಂಗಿದರೆ ಮಹಾಪಾಪ ಎಂದು ಕಲಿಸಿದ್ದರು. ಒಂಬತ್ತು ವರ್ಷದವಳು, ರಾತ್ರಿ ಮಲಗಿ ನನ್ನ ಪಾಪಗಳನ್ನು ಹುಡುಕುತ್ತಿದ್ದೆ. ಬೆಲ್ಲ ಕದ್ದದ್ದು, ತಂಗಿಯನ್ನು ಚಿವುಟಿದ್ದು ಬಿಟ್ಟರೆ ದೊಡ್ಡದಾಗಿ ಸಿಕ್ಕಿದ್ದು ಇದೊಂದೇ. ಹಬ್ಬದ ಬೆಳಿಗ್ಗೆ ಪೂಜೆ ಮುಗಿಸಿ ಬಸ್ಸಿಳಿದು ಎಸ್ಟೇಟಿನ ದಾರಿಯಲ್ಲಿ ನಡೆಯುವಾಗ, ತೆನೆಗಳ ಗಂಟು ನನ್ನ ಕೈಯಲ್ಲಿತ್ತು. ಅಪ್ಪನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅಪ್ಪ ಸಿಟ್ಟಾಗಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು, ಒಳ್ಳೇ ಹುಡುಗಿ, ಎಂದರು. ನನಗೆ ಮೈ ಹಗುರಾಯಿತು ಮಕ್ಕಳೇ. ಗೇಟಿನಿಂದ ಮನೆಯವರೆಗೆ ಕುಣಿಯುತ್ತ ಹೋದೆ.

ಅಪ್ಪ ಅಂದು ಬಂಗಲೆಗೆ ಪಾಯಸವನ್ನು ಆಳಿನ ಕೈಯಲ್ಲಿ ಕಳಿಸಿದರು. ಹಿಂದಿನ ಬಾಗಿಲಿಗೆ ಕುರ್ಚಿ ಹಾಕಿ, ಜಪಸರ ಹಿಡಿದು ಕೂತರು. ಒಳಗೆ ಏಳು ಬಗೆಯ ತರಕಾರಿ ಬೆಂದು, ಬಾಳೆಲೆ ಹಾಕಿ ಆಗಿತ್ತು. ಅತ್ತೆ ಲೈನಿನ ಕಡೆಯಿಂದ ಹತ್ತಿ ಬಂದರು. ಕೈಚೀಲದಲ್ಲಿ ಅವರ ಹಿತ್ತಲಿನ ನಾಲ್ಕು ಸೌತೆಕಾಯಿ. ಅಪ್ಪನನ್ನು ಕಂಡು ಮೆಟ್ಟಿಲ ಕೆಳಗೇ ನಿಂತರು. ಅಪ್ಪ ಬೈಯಬಹುದು ಎಂದು ನಾನು ಬಾಗಿಲ ಸಂದಿಯಲ್ಲಿ ಹೆದರಿ ನಿಂತಿದ್ದೆ. ಅವರು ಬೈಯಲಿಲ್ಲ. ಹುಟ್ಟಿದಾಗಿನಿಂದ ತಂಗಿಯೊಡನೆ ಕೊಂಕಣಿಯಲ್ಲದೆ ಬೇರೆ ಮಾತಾಡದ ನನ್ನ ಅಪ್ಪ, ಸ್ಟೋರಿನ ಮುಂದೆ ಹೊಸ ಆಳನ್ನು ಕೇಳುವ ಹಾಗೆ ಕನ್ನಡದಲ್ಲಿ ಕೇಳಿದರು:

“ಯಾರಮ್ಮಾ? ಯಾರು ಬೇಕಾಗಿತ್ತು?”

ಅತ್ತೆಯ ಮುಖ ನನಗೆ ಕಾಣುತ್ತಿತ್ತು. ಅವರು ಅಳಲಿಲ್ಲ. ಚೀಲವನ್ನು ಕಲ್ಲಿನ ಮೇಲಿಟ್ಟು, ಅವರೂ ಕನ್ನಡದಲ್ಲೇ ಹೇಳಿದರು.

“ಯಾರೂ ಇಲ್ಲ ರೈಟ್ರೆ. ದಾರಿ ತಪ್ಪಿ ಬಂದ್ಬುಟ್ಟೆ.”

ಒಳಗಿನಿಂದ ಅಜ್ಜಿ ದನಿ ಗುರುತು ಹಿಡಿದು, ಪೌಲಿನ್, ಪೌಲಿನ್ ಎಂದು ಕೂಗಿದರು. ಅತ್ತೆ ಇಳಿದು ಹೋಗುತ್ತಿದ್ದರು. ಅಪ್ಪ ಕೈ ತೊಳೆದು ಬಂದು, ಶಿಲುಬೆಯ ಗುರುತು ಮಾಡಿ, ಮೊದಲ ಚಮಚವನ್ನು ಅಜ್ಜಿಯ ಬಾಯಿಗೆ ಹಿಡಿದರು. ಅಜ್ಜಿ ಬಾಯಿ ತೆರೆಯಲಿಲ್ಲ. ತುಟಿಯಿಂದ ಹಾಲು ಗಲ್ಲಕ್ಕೆ ಇಳಿದು ಕುತ್ತಿಗೆಯ ಸುಕ್ಕಿಗೆ ಹೋಯಿತು. ಅಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮೆಲ್ಲಗೆ ಒರೆಸಿದರು, ಎಂದಿನ ಹಾಗೆಯೇ. ಮತ್ತೆ ನಮಗೆಲ್ಲ ಒಂದೊಂದು ಚಮಚ ಹಾಕಿದರು. ನಾನು ನುಂಗಿದೆ. ಕ್ರಿಸ್ಮಸ್ಸಿಗೆ ಮೊದಲೇ ಅಜ್ಜಿ ತೀರಿಕೊಂಡರು. ಕೊನೆಯವರೆಗೂ ಅಪ್ಪನ ಕೈಯಿಂದ ಗಂಜಿ ಕುಡಿದರು, ಆದರೆ ಅವರೊಡನೆ ಒಂದು ಮಾತಾಡಲಿಲ್ಲ.

ನನ್ನ ಮದುವೆಯಾಗಿ ನಿಮ್ಮಪ್ಪ ಕಂಕುಳಲ್ಲಿದ್ದಾಗ, ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ಸಿಕ್ಕರು. ಹಣೆಯಲ್ಲಿ ಕುಂಕುಮ, ಕುತ್ತಿಗೆಯಲ್ಲಿ ಅಜ್ಜಿ ಕೊಟ್ಟ ಸಣ್ಣ ಶಿಲುಬೆ, ಎರಡೂ ಇದ್ದವು. ನನ್ನೊಡನೆ ಕನ್ನಡದಲ್ಲೇ ಮಾತಾಡಿದರು. ಮಗುವನ್ನು ಎತ್ತಿಕೊಂಡು, ಬಿಸ್ಕತ್ತು ಕೊಡಿಸಿ, ಆಮೇಲೆ ಕೇಳಿದರು. “ಅವತ್ತು ನಿಮ್ಮಪ್ಪಂಗೆ ಹೇಳ್ದೋರು ಯಾರೇ? ಆ ದೇವೀರಿನೇ ಇರ್ಬೇಕು ಅಲ್ವಾ? ನಾನು ಬರೋದು ಅವ್ಳಿಗೂ ಗೊತ್ತಿತ್ತು, ಅವ್ಳ ಬಾಯಲ್ಲಿ ಏನೂ ನಿಲ್ತಿರ್ಲಿಲ್ಲ.” ನನ್ನ ಬಸ್ಸು ಬಂದು ನಿಂತಿತ್ತು. ನಾನು ಹೂಂ ಎಂದೆ.

ಹೇಳಬಾರದ ದಿನ ಸತ್ಯ ಹೇಳಿ ಒಳ್ಳೇ ಹುಡುಗಿ ಅನ್ನಿಸಿಕೊಂಡೆ. ಹೇಳಬೇಕಾದ ದಿನ ಒಂದು ‘ಹೂಂ’ಗೆ ನನ್ನನ್ನು ಮಾರಿಕೊಂಡೆ. ಆಮೇಲೆ ಎಷ್ಟೋ ಪಾಪನಿವೇದನೆ ಮಾಡಿದೆ, ಜಾಲರಿಯ ಆಚೆಗಿನ ಫಾದರ್ ಕ್ಷಮೆಯನ್ನೂ ಸಾರಿದರು. ಆದರೆ ಕ್ಷಮೆ ಕೇಳಬೇಕಾದವರು ಬೆಳಗೋಡಿನಲ್ಲಿದ್ದರು. ಎರಡು ಬಸ್ಸು. ನಾನು ಹತ್ತಲಿಲ್ಲ. ಅತ್ತೆ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಿಂಗಳ ಮೇಲೆ. ಗಂಡನ ಮನೆಯವರು ತಮ್ಮ ಗದ್ದೆಯ ಅಂಚಿನಲ್ಲಿ ಮಣ್ಣು ಮಾಡಿದರಂತೆ. ದೇವೀರಿ ಅದಕ್ಕೂ ಮುಂಚೆಯೇ ತೀರಿಹೋಗಿದ್ದಳು. ಆ ಎಸ್ಟೇಟು ಕೈ ಬದಲಾಗಿ, ಸ್ಟೋರಿನ ಹಿಂದಿನ ಮನೆಯ ಜಾಗದಲ್ಲಿ ಈಗ ಕಾಫಿ ಒಣಗಿಸುವ ಕಣ. ಹಿಂದಿನ ಬಾಗಿಲ ಮೆಟ್ಟಿಲುಗಳು ಮಾತ್ರ ಎಲ್ಲಿಗೂ ಹತ್ತದೆ ಉಳಿದಿವೆ. ನಿಮ್ಮಜ್ಜನ ಮನೆಯ ಪ್ರಾರ್ಥನೆಯಲ್ಲೂ ಐವತ್ತು ವರ್ಷ ಅತ್ತೆಯ ಹೆಸರು ನನ್ನ ಗಂಟಲಲ್ಲೇ ಇತ್ತು.

ಈ ಹಾಳೆಗಳನ್ನು ಬೈಬಲ್ಲಿನ ಪಕ್ಕದ ತಗಡಿನ ಡಬ್ಬಿಯಲ್ಲಿಡುತ್ತೇನೆ. ನಿಮ್ಮಪ್ಪ ಓದಿದರೆ ಓದಲಿ. ಹರಿಯಲು ಬಿಡಬೇಡಿ, ಮಳೆಗಾಲದಲ್ಲಿ ಬಿಸಿಲು ಕಂಡ ದಿನ ತೆಗೆದು ಒಣಗಿಸಿ. ಅಂದು ಹೇಳಿದವಳು ದೇವೀರಿಯಲ್ಲ, ನಾನು ಎಂಬುದು ಇದರಲ್ಲಿ ಬಿಟ್ಟರೆ ಬೇರೆ ಎಲ್ಲಿಯೂ ಬರೆದಿಲ್ಲ.