ಏಳು ಗಂಟೆಯ ನೀರು

ಇವತ್ತು ಬೆಳಗ್ಗೆ ಟೀ ಲೋಟ ಹಿಡಿದು ಟಿ.ವಿ. ಮುಂದೆ ಕೂತವಳು ಕುಡಿಯುವುದನ್ನೇ ಮರೆತೆ. ಕೋಟು ಹಾಕಿದ ಇಬ್ಬರು ಮಹನೀಯರು, ದೇಶ ಮುಂದೆ ಬರಬೇಕಾದರೆ ಜನ ದಿನಕ್ಕೆ ಎಷ್ಟು ಗಂಟೆ ದುಡಿಯಬೇಕು ಎಂದು ಕಿತ್ತಾಡುತ್ತಿದ್ದರು. ಒಬ್ಬರಿಗೆ ಹತ್ತು ಗಂಟೆ ಸಾಕು, ಇನ್ನೊಬ್ಬರಿಗೆ ಹನ್ನೆರಡೂ ಸಾಲದು. ಇಬ್ಬರ ಮುಖ ನೋಡಿದರೂ ತಾವು ಉಂಡ ತಟ್ಟೆಯನ್ನು ತಾವೇ ಎತ್ತಿಟ್ಟವರ ಹಾಗೆ ಕಾಣಲಿಲ್ಲ. "ಅಲ್ರೀ, ಇವರ ಮನೇಲಿ ಪಾತ್ರೆ ತೊಳೆಯೋರನ್ನ ಕರೆಸಿ ಕೇಳ್ಬಾರ್ದಾ?" ಎಂದು ನಾನು ಟಿ.ವಿ.ಗೇ ಜೋರು ಮಾಡಿದೆ. ನಮ್ಮೆಜಮಾನರು ಪೇಪರಿನಿಂದ ತಲೆ ಎತ್ತದೆ, "ಅವರಿಗೆ ಕೇಳಿಸ್ಲಿಲ್ಲ ಅನ್ಸತ್ತೆ, ಇನ್ನೂ ಸ್ವಲ್ಪ ಕೂಗು" ಎಂದರು. ಮುನಿಸಿಕೊಂಡು ಟಿ.ವಿ. ಆರಿಸಿ ಲೋಟ ನೋಡಿದರೆ, ಟೀ ಆರಿಹೋಗಿ ಮೇಲೆ ಕೆನೆ ಕಟ್ಟಿತ್ತು.

ಕೆನೆ ಕಟ್ಟಿದ ಟೀ ಕಂಡರೆ ನನಗೆ ಕಗ್ಗದಾಸಪುರದ ಚಿಕ್ಕಪ್ಪ ನೆನಪಾಗುತ್ತಾರೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ತಾಳ್ಮೆ ಇರಲಿ. ಯಾವ ಮಾತನ್ನೂ ನೆಟ್ಟಗೆ ಹೇಳಿ ನನಗೆ ಅಭ್ಯಾಸವಿಲ್ಲ. ಮದುವೆಯಾಗಿ ಹಲಸೂರಿಗೆ ಬಂದ ಮೇಲಂತೂ ಅದು ಇನ್ನಷ್ಟು ಕೆಟ್ಟಿದೆ. ಇಲ್ಲಿ ಕೆರೆ ಏರಿಯ ಟೀ ಅಂಗಡಿಯಲ್ಲಿ ಜನ ತಮಿಳಿನಲ್ಲಿ ರಾಜಕೀಯ ಶುರುಮಾಡಿ, ಕನ್ನಡದಲ್ಲಿ ಮುಂದುವರಿಸಿ, ಜಗಳ ಜೋರಾದಾಗ ಇಂಗ್ಲಿಷಿಗೆ ಹೋಗುತ್ತಾರೆ. ಆದರೂ ವಾದ ಮಾಡುವ ಚಟ ನನಗೆ ಗಂಡನ ಮನೆಯಿಂದ ಬಂದದ್ದಲ್ಲ. ಅದು ತವರಿನದು, ಚಿಕ್ಕಪ್ಪನದು.

ಚಿಕ್ಕಪ್ಪ ಒಂದು ದೊಡ್ಡ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದವರು. ಲೇತ್ ಮಿಷನ್ನಿನ ಮುಂದೆ ನಿಂತದ್ದಕ್ಕಿಂತ ಗೇಟಿನ ಮುಂದೆ ನಿಂತು ಭಾಷಣ ಮಾಡಿದ್ದೇ ಹೆಚ್ಚು ಎಂದು ಚಿಕ್ಕಮ್ಮ ಹೇಳುವುದುಂಟು. ಅವರು ನೌಕರಿಯಲ್ಲಿದ್ದ ಕಾಲಕ್ಕೆ ನಮ್ಮ ಕಗ್ಗದಾಸಪುರ ಊರಾಗಿ ಉಳಿಯಲಿಲ್ಲ, ಸಿಟಿಗೆ ಸೇರಿಹೋಯಿತು. ರಾಗಿ ಹೊಲ ಸೈಟಾಯಿತು, ಹುರುಳಿ ಬೆಳೆಯುತ್ತಿದ್ದ ದಿಬ್ಬದ ಮೇಲೆ ಅಪಾರ್ಟ್‌ಮೆಂಟ್ ಬಂತು. ಎಲ್ಲರಂತೆ ಚಿಕ್ಕಪ್ಪನೂ ಮನೆ ಹಿಂದಿನ ಜಾಗದಲ್ಲಿ ಸಾಲಾಗಿ ಶೀಟಿನ ಮನೆಗಳನ್ನು ಕಟ್ಟಿ ಬಾಡಿಗೆಗೆ ಬಿಟ್ಟರು. ಬಂದವರೆಲ್ಲ ರಾಯಚೂರು, ಯಾದಗಿರಿ ಕಡೆಯವರು. ಗಂಡಸರು ಗಾರೆ ಕೆಲಸಕ್ಕೆ, ಹೆಂಗಸರು ಮಾರತ್ತಹಳ್ಳಿಯ ಆಫೀಸುಗಳಿಗೆ ಹೌಸ್‌ಕೀಪಿಂಗಿಗೆ.

ಹೀಗೆ ನಮ್ಮ ಯೂನಿಯನ್ ಚಿಕ್ಕಪ್ಪ ಮಾಲೀಕರಾದರು. ಪಾಪ, ಆ ಪದ ಅವರಿಗೆ ಮೈಮೇಲೆ ಹಲ್ಲಿ ಬಿದ್ದ ಹಾಗೆ. "ನನ್ನ ಮಾಲೀಕ್ರು ಅನ್ಬೇಡಿ, ಕಾಮ್ರೇಡ್ ಅನ್ನಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಬಾಡಿಗೆ ಮನೆಯಲ್ಲಿರುವವರಿಗೆ ಓನರನ್ನು ಹಾಗೆಲ್ಲ ಬರೀ ಹೆಸರು ಹಿಡಿದಂತೆ ಕರೆಯಲು ಸಂಕೋಚ. ಕೊನೆಗೆ ಎರಡನ್ನೂ ಸೇರಿಸಿ 'ಕಾಮ್ರೇಡ್ ಮಾಲಕ್ರ' ಎಂದು ಕರೆಯತೊಡಗಿದರು. ಚಿಕ್ಕಪ್ಪ ಅದಕ್ಕೂ ಓಗೊಟ್ಟರು.

ಭಾನುವಾರ ಬೆಳಗ್ಗೆ ಅವರ ಜಗಲಿಯಲ್ಲಿ ದರ್ಬಾರು. ಪೇಪರು ಹರಡಿಕೊಂಡು ಚಿಕ್ಕಪ್ಪ ಕೂತರೆಂದರೆ, ಯಾವ ಸರ್ಕಾರ ಬಡವರಿಗೆ ಏನು ಕೊಟ್ಟಿತು, ಯಾರು ಕಿತ್ತುಕೊಂಡರು, ಕೆಲವರ ಮನೆಗೆ ಈಜುಕೊಳ ಯಾಕೆ, ಕೆಲವರಿಗೆ ಕೊಡವೂ ತುಂಬದ್ದು ಯಾಕೆ, ಎಲ್ಲ ಬರುತ್ತಿತ್ತು. ಬಾಡಿಗೆಯವರೂ ಸುಮ್ಮನೆ ಕೇಳುವವರಲ್ಲ. ಚುನಾವಣೆ ಹತ್ತಿರ ಬಂದರಂತೂ ಜಗಲಿ ವಿಧಾನಸಭೆಯಾಗುತ್ತಿತ್ತು. ನಾನೂ ಚಿಕ್ಕಮ್ಮನ ಅವರೆಕಾಳು ಸಾರಿನ ಆಸೆಗೆ ಹೋದವಳು, ಎರಡೂ ಪಕ್ಷಗಳ ಪರವಾಗಿ ವಾದ ಮಾಡಿ ಬರುತ್ತಿದ್ದೆ. ಚಿಕ್ಕಮ್ಮ ಮಾತ್ರ ಹೊಸಿಲು ದಾಟಿ ಬಂದವರಲ್ಲ. ಒಳಗಿನಿಂದ "ಏನ್ ಕಾಮ್ರೇಡೋ, ಏನ್ ಕರ್ಮಾನೋ, ಸೊಪ್ಪು ಬಿಡಿಸಿಕೊಡಿ ಅಂದ್ರೆ ಒಬ್ರಿಗೂ ಕೈ ಬರಲ್ಲ" ಎಂಬ ದನಿ ಕೇಳಿಸುತ್ತಿತ್ತು.

ಕೆಲವು ವರ್ಷಗಳ ಹಿಂದೆ ಅಂಥ ಒಂದು ಭಾನುವಾರ ಮಲ್ಲಮ್ಮ ಬಂದು ಕೂತಳು. ಸಿಂಧನೂರು ಕಡೆಯ ಹೆಂಗಸು, ಎರಡು ಮಕ್ಕಳ ತಾಯಿ, ಆ ಸಾಲಿನ ಕೊನೆಯ ಮನೆಯವಳು. ಗಂಡ ಗಾರೆ ಕೆಲಸದಲ್ಲಿ ಸಾರವೆಯಿಂದ ಬಿದ್ದು ಕಾಲು ಮುರಿದುಕೊಂಡು ಮನೆಯಲ್ಲಿದ್ದ. ಅವಳ ಸಂಬಳವೇ ಆಗ ಮನೆಗೆಲ್ಲ ಆಧಾರ.

"ಇನ್ನೊಂದು ಸಲ ಲೇಟಾದ್ರ ಕೆಲಸಕ್ಕ ಬರಬ್ಯಾಡ ಅಂದಾನ್ರಿ ಸೂಪರ್‌ವೈಸರ" ಎಂದಳು.

ಚಿಕ್ಕಪ್ಪನಿಗೆ ಹಳೆಯ ಆವೇಶ ಬಂತು ನೋಡಿ! ಯಾಕೆ ಲೇಟು ಎಂದೂ ಕೇಳಲಿಲ್ಲ. "ಹೆಂಗೆ ತೆಗೀತಾನೆ? ಅವರಪ್ಪನ ಮನೆ ಕೆಲಸಾನಾ?" ಎಂದು ಎದ್ದು ನಿಂತರು. ಆಮೇಲೆ ಪಾಠ ಶುರುವಾಯಿತು. ಮಾತಾಡಲು ಒಬ್ಬರೇ ಹೋಗಬೇಡಿ, ಎಲ್ಲರೂ ಹೋಗಿ. ಹತ್ತು ಕೇಳಬೇಡಿ, ಒಂದೇ ಕೇಳಿ. "ಇನ್ನೊಂದು ಮಾತು, ಚೆನ್ನಾಗಿ ತಲೇಲಿ ಇಟ್ಕೊಳ್ಳಿ. ನಿಮ್ಮನ್ನ ಕೂರಿಸಿ ಟೀ ತರಿಸ್ತಾರೆ. ಮಾತು ಮುಗಿಯೋವರ್ಗೂ ಮುಟ್ಬೇಡಿ. ಟೀ ಕುಡಿದ್ರೋ, ಬಾಯಿ ಮೆತ್ತಗಾಯ್ತು ಅಂತಾನೇ ಲೆಕ್ಕ. ನಮ್ ಫ್ಯಾಕ್ಟ್ರೀಲಿ ನಾವು ಮುಟ್ಟಿದ್ದೇ ಇಲ್ಲ." ಮಲ್ಲಮ್ಮ ತಲೆಯಾಡಿಸಿದಳು. ಹೋಗುವಾಗ ಬೋರ್‌ವೆಲ್ಲಿನ ಕಡೆ ಒಮ್ಮೆ ತಿರುಗಿ ನೋಡಿದಳು.

ಮುಂದಿನ ಭಾನುವಾರ ಶೀಟಿನ ಮನೆಗಳವರೆಲ್ಲ ಒಟ್ಟಾಗಿ ಬಂದರು. ಚಿಕ್ಕಪ್ಪ ಖುಷಿಯಿಂದ ಪೇಪರು ಬಿಡಿಸಿದರು. ಯಾರೂ ಕೂರಲಿಲ್ಲ. ಮಲ್ಲಮ್ಮ ಸೆರಗು ಸರಿಮಾಡಿಕೊಂಡು ಹೇಳಿದಳು:

"ಇವತ್ತ ಕಾಮ್ರೇಡ್ ಜೋಡಿ ಅಲ್ರಿ. ಮಾಲಕ್ರ ಜೋಡಿ ಮಾತಾಡೋದೈತ್ರಿ."

ವಿಷಯ ಇಷ್ಟೇ. ಬೋರ್‌ವೆಲ್ಲಿನ ಮೋಟರ್ ಹಾಕುತ್ತಿದ್ದದ್ದು ಬೆಳಗ್ಗೆ ಏಳಕ್ಕೆ. ಅದರ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ, ಬೀಗದ ಕೈ ಚಿಕ್ಕಮ್ಮನ ಸೆರಗಿನ ಗಂಟಿನಲ್ಲಿ. ಮಲ್ಲಮ್ಮನ ಡ್ಯೂಟಿಯೂ ಏಳಕ್ಕೆ. ನೀರು ಹಿಡಿಯಲು ನಿಂತರೆ ಲೇಟು, ಹಿಡಿಯದೆ ಹೋದರೆ ಸಂಜೆಗೆ ತೊಟ್ಟಿಯಲ್ಲಿ ಒಂದು ಚೊಂಬೂ ಇಲ್ಲ. "ಸೂಪರ್‌ವೈಸರಂದು ತಪ್ಪಿಲ್ಲ ಬಿಡ್ರಿ ಇದರಾಗ. ನೀರು ಐದಕ್ಕ ಬಿಟ್ರ ನನ್ನ ಕೆಲಸ ಉಳೀತೈತ್ರಿ. ಅದೊಂದ ಕೇಳಾಕ ಬಂದೀವಿ."

ಏಳೇ ಗಂಟೆ ಯಾಕೆ ಎಂಬುದು ಮನೆಮಂದಿಗೆಲ್ಲ ಗೊತ್ತಿತ್ತು. ಮೋಟರ್ ಇದ್ದದ್ದು ಚಿಕ್ಕಪ್ಪ ಮಲಗುವ ಕೋಣೆಯ ಕಿಟಕಿಯ ಕೆಳಗೆ. ಅದು ಶುರುವಾದರೆ ಸತ್ತವರೂ ಎದ್ದು ಕೂರಬೇಕು, ಅಂಥ ಸದ್ದು. ರಿಟೈರಾದ ಕಾರ್ಮಿಕನಿಗೆ ಏಳರವರೆಗೆ ನಿದ್ದೆ ಮಾಡುವುದು ಹಕ್ಕು ಎಂದು ಚಿಕ್ಕಪ್ಪ ತಾವೇ ಕಾನೂನು ಮಾಡಿಕೊಂಡಿದ್ದರು.

ಆಮೇಲೆ ನಡೆದದ್ದನ್ನು ನೀವು ನೋಡಬೇಕಿತ್ತು. ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು, "ನಿಮ್ ಕಷ್ಟ ನನಗೆ ಅರ್ಥ ಆಗತ್ತೆ. ಆದ್ರೆ ಬೋರಿನ ಪರಿಸ್ಥಿತೀನೂ ನೋಡ್ಬೇಕು. ಸ್ವಲ್ಪ ಟೈಮ್ ಕೊಡಿ, ಪರಿಶೀಲಿಸೋಣ" ಎಂದರು. ಪರಿಶೀಲಿಸೋಣ! ಮ್ಯಾನೇಜ್‌ಮೆಂಟಿನವರ ಆ ಪದವನ್ನು ಅವರ ಬಾಯಲ್ಲಿ ನಾವ್ಯಾರೂ ಕೇಳಿರಲಿಲ್ಲ. "ನಂದೊಬ್ಬಂದೇ ತೀರ್ಮಾನ ಅಲ್ಲ, ಒಳಗೂ ಕೇಳ್ಬೇಕು" ಎಂದು ಅಡುಗೆಮನೆಯ ಕಡೆ ಕೈ ತೋರಿಸಿದರು. ನನಗೆ ನಗು ತಡೆಯಲಾಗದೆ ಕಂಬದ ಹಿಂದೆ ಸರಿದೆ.

ಅಷ್ಟರಲ್ಲಿ ಚಿಕ್ಕಮ್ಮ ತಟ್ಟೆಯಲ್ಲಿ ಟೀ ತಂದು, ಹೊಸಿಲೊಳಗೇ ನಿಂತು ಬಗ್ಗಿ ಜಗಲಿಯ ಮೇಲಿಟ್ಟರು. ಮನೆಗೆ ಬಂದವರಿಗೆ ಕೊಡುವ ಟೀ, ಅದರಲ್ಲಿ ಬೇರೇನೂ ಇರಲಿಲ್ಲ. ಒಬ್ಬರೂ ಕೈ ಚಾಚಲಿಲ್ಲ. "ತಗೊಳ್ರೀ, ಆರೋಗತ್ತೆ" ಎಂದರು ಚಿಕ್ಕಮ್ಮ. ಎಲ್ಲರೂ ನೆಲ ನೋಡಿದರು. ಚಿಕ್ಕಪ್ಪ ಬೋರಿನ ಆಳ, ಕರೆಂಟಿನ ಅವಸ್ಥೆ ಎಲ್ಲ ವಿವರಿಸುತ್ತಲೇ ಇದ್ದರು. ಲೋಟಗಳ ಮೇಲೆ ನಿಧಾನವಾಗಿ ಕೆನೆ ಕಟ್ಟಿತು. ಒಂದು ಹೊತ್ತಿನಲ್ಲಿ ಅದು ಅವರ ಕಣ್ಣಿಗೆ ಬಿತ್ತು, ಮಾತು ಅಲ್ಲೇ ನಿಂತಿತು.

"ಅಯ್ಯೋ, ಇದು ನಮ್ಮನೆ ಟೀ ಕಣ್ರೋ. ಮ್ಯಾನೇಜ್‌ಮೆಂಟ್ ಟೀ ಅಲ್ಲ."

"ನೀವ ಹೇಳಿದ್ರಲ್ರಿ" ಎಂದಳು ಮಲ್ಲಮ್ಮ. ದನಿಯಲ್ಲಿ ಕೊಂಕಿರಲಿಲ್ಲ. ಆದರೂ ಮನೆಯನ್ನೂ ಕಳೆದುಕೊಂಡರೆ ಗತಿಯೇನು ಎಂಬ ಹೆದರಿಕೆ ಅವಳಿಗೆ ಇಲ್ಲದಿರುತ್ತದೆಯೇ. ನನ್ನ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ.

ಚಿಕ್ಕಪ್ಪ ಪೇಪರು ಮಡಿಚಿಟ್ಟು, "ಆಯ್ತು. ನಾಳೆಯಿಂದ ಐದಕ್ಕೆ ಹಾಕ್ತೀವಿ" ಎಂದರು. ಒಳ್ಳೆಯ ಮನುಷ್ಯ, ಸೋಲು ಒಪ್ಪಿಕೊಳ್ಳಲು ಬರುತ್ತದೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಹೊಸಿಲಿನೊಳಗಿಂದ ಚಿಕ್ಕಮ್ಮ ಕೇಳಿದರು:

"ಹಾಕ್ತೀವಿ ಅಂದ್ರೆ ಯಾರು ಹಾಕೋದು?"

"ನೀನೇ. ಹೆಂಗೂ ಎದ್ದಿರ್ತೀಯಲ್ಲ."

ಚಿಕ್ಕಮ್ಮ ಹೊಸಿಲು ದಾಟಿ ಜಗಲಿಗೆ ಬಂದರು. "ಯಾಕೆ ಎದ್ದಿರ್ತೀನಿ ಅಂತ ಯಾವತ್ತಾದ್ರೂ ಕೇಳಿದೀರಾ? ನಿಮ್ ಫಸ್ಟ್ ಶಿಫ್ಟಿಗೆ ಡಬ್ಬಿ ಕಟ್ಟಕ್ಕೆ ನಾಲ್ಕಕ್ಕೆ ಏಳ್ತಿದ್ದೆ. ನೀವು ರಿಟೈರ್ ಆದ್ರಿ, ಹಾರ ಹಾಕಿ ಫೋಟೋ ತೆಗೆದ್ರು. ನನ್ನ ಯಾರೂ ರಿಟೈರ್ ಮಾಡ್ಲೇ ಇಲ್ಲ. ನಿಮ್ ನಿದ್ದೆ ಕೆಡಬಾರ್ದು ಅಂತ ಏಳರವರೆಗೆ ಒಂದು ಪಾತ್ರೆ ಸದ್ದು ಮಾಡ್ದೆ ಓಡಾಡ್ತೀನಿ." ಸಿಟ್ಟಿನಿಂದ ಹೇಳಲಿಲ್ಲ, ಅಳಲೂ ಇಲ್ಲ. ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೆಗೆದು ಮಲ್ಲಮ್ಮನ ಕೈಯಲ್ಲಿಟ್ಟರು. "ನೀನೇ ಹಾಕ್ಕೊಳಮ್ಮ. ನಿಮ್ ಸಂಘದಲ್ಲಿ ಜಾಗ ಇದ್ರೆ ನನ್ನನ್ನೂ ಸೇರಿಸ್ಕೊಳ್ಳಿ."

ಮಲ್ಲಮ್ಮ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿ ಟೀ ತಟ್ಟೆ ಎತ್ತಿಕೊಂಡು, "ಆರೈತ್ರಿ ಯವ್ವಾ, ನಾ ಕಾಸಿ ತರ್ತೀನಿ" ಎಂದು ಒಳಗೆ ಹೋದಳು.

ಅವಳ ಕೆಲಸ ಉಳಿಯಿತು. ಮಾರನೆಯ ದಿನದಿಂದ ಐದಕ್ಕೇ ಮೋಟರ್, ಐದಕ್ಕೇ ಚಿಕ್ಕಪ್ಪ. ಎದ್ದವರು ಬೇರೆ ದಾರಿಯಿಲ್ಲದೆ ಹಾಲು ಕಾಯಿಸುವುದನ್ನು ಕಲಿತರು. ಜಗಲಿಯ ವಾದ ನಿಂತಿಲ್ಲ, ಈಗಲೂ ಸರ್ಕಾರಗಳು ಬೀಳುತ್ತವೆ, ಏಳುತ್ತವೆ. ಚಿಕ್ಕಮ್ಮನಿಗೆ ಮಾತ್ರ ಬಿಡುಗಡೆ ಸಿಕ್ಕಲಿಲ್ಲ. ಯಾರೂ ಎಬ್ಬಿಸದಿದ್ದರೂ ನಾಲ್ಕಕ್ಕೇ ಎಚ್ಚರ. "ಮೈ ಕೇಳಲ್ಲ ಕಣೇ. ಏಳ್ಬೇಡ ಅಂದ್ರೂ ಏಳತ್ತೆ. ಎದ್ದು ಏನ್ ಮಾಡೋದು ಅಂತ ಗೊತ್ತಾಗ್ದೆ ಹಾಸಿಗೆ ಮೇಲೆ ಸುಮ್ನೆ ಕೂತಿರ್ತೀನಿ" ಎಂದು ನನ್ನ ಹತ್ತಿರ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಯಾವ ಒಪ್ಪಂದ ಮಾಡಿ ಆ ಅಭ್ಯಾಸ ಬಿಡಿಸುವುದು?

ಇವೆಲ್ಲ ನೆನಪಾಗಿ ಈಗಷ್ಟೇ ಕಗ್ಗದಾಸಪುರಕ್ಕೆ ಫೋನ್ ಮಾಡಿದೆ. ಯಾವಾಗಲೂ ಮೊದಲ ರಿಂಗಿಗೇ ಎತ್ತುವುದು ಚಿಕ್ಕಮ್ಮ. ಇವತ್ತು ತುಂಬಾ ಹೊತ್ತು ರಿಂಗಾಯಿತು. ಎತ್ತಿದ್ದು ಚಿಕ್ಕಪ್ಪ, ಅದೂ ಪಿಸುದನಿಯಲ್ಲಿ.

ನನಗೆ ಎದೆ ಧಸಕ್ಕೆಂದಿತು. "ಏನಾಯ್ತು ಚಿಕ್ಕಪ್ಪಾ? ಚಿಕ್ಕಮ್ಮ ಎಲ್ಲಿ?"

"ಶ್! ಮಲಗವ್ಳೆ."

"ಹುಷಾರಿಲ್ವಾ?"

"ಹುಷಾರಾಗೇ ಅವ್ಳೆ. ನಾನೂ ಹೋಗಿ ಹಣೆ ಮುಟ್ಟಿ ನೋಡ್ದೆ. ಮೋಟರ್ ಹಾಕಿದ್ರು, ಏಳ್ಲಿಲ್ಲ. ಹಾಲು ಉಕ್ಸಿ ರಂಪ ಮಾಡ್ದೆ, ಆಗ್ಲೂ ಏಳ್ಲಿಲ್ಲ. ಗೊರಕೆ ಹೊಡೀತಾವ್ಳೆ ಕಣಮ್ಮ." ದನಿ ಇನ್ನೂ ತಗ್ಗಿಸಿದರು. "ಮದುವೆ ಆದಾಗಿಂದ ಇವಳ ಗೊರಕೆ ನಾನು ಕೇಳೇ ಇರ್ಲಿಲ್ಲ. ಎಬ್ಬಿಸ್ಲಾ?"

ನನಗೆ ಕಣ್ಣು ತುಂಬಿ ಬಂತು.

"ಬೇಡ ಚಿಕ್ಕಪ್ಪ, ಎಬ್ಬಿಸ್ಬೇಡಿ" ಎಂದೆ. ಹಲಸೂರಿನಲ್ಲಿ ಕೂತಿದ್ದ ನಾನೂ ಪಿಸುಗುಟ್ಟುತ್ತಿದ್ದೆ.