ಸೊನ್ನೆಯಾಗದ ಎಣಿಕೆ

ಕಚೇರಿಗೆಲ್ಲ ಅವಳು ಎಣಿಕೆ ಅಕ್ಕ. ಕಂಪ್ಯೂಟರ್ ಮೆಮೊರಿಯ ಒಂದೊಂದು ವಸ್ತುವನ್ನೂ ಎಷ್ಟು ಕೈಗಳು ಹಿಡಿದಿವೆಯೆಂದು ಎಣಿಸಿ, ಸೊನ್ನೆಯಾದ ಮೇಲಷ್ಟೇ ಅಳಿಸುವ ಪ್ರೋಗ್ರಾಮಿಂಗ್ ಭಾಷೆಯನ್ನು ಕಟ್ಟಿದವಳು. ಹಿಡಿದವರಿರುವಾಗ ಅಳಿಸಿದರೆ ಅನಾಹುತವೆಂದು ಇಪ್ಪತ್ತು ವರ್ಷ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು. ಇವತ್ತು ಎರಡು ವಸ್ತುಗಳು ಅಳಿಯದೆ ಕೂತಿದ್ದವು. ಒಂದನ್ನೊಂದು ಹಿಡಿದುಕೊಂಡಿದ್ದರಿಂದ ಎಣಿಕೆ ಸೊನ್ನೆಗೆ ಇಳಿಯುತ್ತಲೇ ಇರಲಿಲ್ಲ.

"ಹೊರಗಿಂದ ಯಾರೂ ಕೇಳೋರಿಲ್ಲ ಅಕ್ಕ, ಎರಡೂ ಕಸಾನೇ. ಅಳಿಸ್ಲಾ?" ಎಂದ ಪಕ್ಕದ ಮೇಜಿನವನು.

ಅವಳು ಆಗಷ್ಟೇ ಕಚೇರಿಯ ಫಾರಂ ತುಂಬುತ್ತಿದ್ದಳು. ತುರ್ತಿನಲ್ಲಿ ಯಾರಿಗೆ ತಿಳಿಸಬೇಕು ಎಂಬಲ್ಲಿ, ಎಂದಿನಂತೆ, ಬೇರೆ ಊರಿನಲ್ಲಿ ಒಂಟಿಯಾಗಿರುವ ತಂಗಿಯ ಹೆಸರು ಬರೆದಿದ್ದಳು. ತಂಗಿಯ ಫಾರಮಿನಲ್ಲಿರುವುದೂ ಇವಳ ಹೆಸರೊಂದೇ.

"ಇವತ್ತೊಂದಿನ ಇರ್ಲಿ ಬಿಡೋ," ಎಂದು ಸಿಡುಕಿದಳು. "ನಿಮ್ಮಪ್ಪನ ಗಂಟೇನು ಹೋಗುತ್ತೆ?"