ನಡುಗಡಲಲ್ಲಿ ಎಂಜಿನ್ ನಿಲ್ಲಿಸಿದವನು

ಎದಿಲ್ಬೆರ್ತೊ ನನ್ನ ಒಡಹುಟ್ಟಿದ ತಮ್ಮ. ನಮ್ಮೂರು ಕಾರ್ತಹೇನದ ಜೆಟ್ಟಿಯಿಂದ ದ್ವೀಪಗಳಿಗೆ ಪ್ರವಾಸಿಗರನ್ನು ಕರೆದೊಯ್ಯುವ ದೋಣಿ ಅವನದು. ಗಾಳಿ ಹುಚ್ಚೆದ್ದ ಜನವರಿಯಲ್ಲೂ ಗಿರಾಕಿಯ ಬಟ್ಟೆಗೆ ಒಂದು ಹನಿ ತಾಗಿಸುವುದಿಲ್ಲ ಎಂದು ಊರೆಲ್ಲ ಹೊಗಳುತ್ತದೆ. ಹೊಗಳಲಿ. ಹನ್ನೊಂದು ವರ್ಷ ನಾನು ಅವನ ಜೊತೆ ಮಾತು ಬಿಟ್ಟಿದ್ದೆ. ಒಲೆಯ ಮುಂದೆ, ಮಾರುವ ತೆಂಗಿನಕಾಯಿ ಮಿಠಾಯಿ ಮಗುಚುತ್ತ ದಿನಾ ಅವನಿಗೆ ಶಾಪ ಹಾಕುತ್ತಿದ್ದೆ.

ಕಾರಣ, ನನ್ನ ಮಗಳು ದಾರ್ಲಿಸ್. ಆಗ ಹದಿನಾಲ್ಕು ವರ್ಷದ ಅವಳನ್ನು ಹೋಟೆಲ್ ಕೆಲಸ ಕೊಡಿಸುತ್ತೇನೆಂದು ನಂಬಿಸಿ ಒಬ್ಬ ಗ್ರಿಂಗೊ, ಬಿಳಿಯ ಪರದೇಶಿ, ದ್ವೀಪಕ್ಕೆ ಕರೆದೊಯ್ದ. ಯಾರ ದೋಣಿಯಲ್ಲಿ? ಸ್ವಂತ ಸೋದರಮಾವನ ದೋಣಿಯಲ್ಲಿ! ಇವನು ನೋಡಿದ, ಸುಮ್ಮನಿದ್ದ. "ಗಿರಾಕಿ ವಿಷಯ ನಮಗ್ಯಾಕೆ ಅಂದ್ಕೊಂಡೆ ಅಕ್ಕ," ಎಂದು ಆಮೇಲೆ ಅತ್ತ. ಜೆಟ್ಟಿಯ ದೋಣಿಯವರೆಲ್ಲ ಕಲಿತ ಪಾಠ ಅದೇ: ಕಣ್ಣು ಕಡಲ ಮೇಲಿರಲಿ, ಬಾಯಿಗೆ ಬೀಗವಿರಲಿ. ಮೂರು ದಿನದ ಮೇಲೆ ದಾರ್ಲಿಸ್ ಬಂದಳು, ಆದರೆ ಮೊದಲಿನ ಮಗಳಾಗಿ ಬರಲಿಲ್ಲ. ಈಗ ಬೇರೆ ಊರಲ್ಲಿ, ಬಾರಂಕಿಯಾದಲ್ಲಿದ್ದಾಳೆ, ಈ ಊರ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಗ್ರಿಂಗೊ ವಿಮಾನ ಹತ್ತಿ ಹೋದ. ಹುಳ ಬಿದ್ದು ಸಾಯಲಿ ಅವನು.

ಕಳೆದ ಜನವರಿಯಲ್ಲಿ ಒಂದು ದಿನ ಮಿಠಾಯಿ ತಟ್ಟೆ ಹೊತ್ತು ಜೆಟ್ಟಿಗೆ ಬಂದೆ. ನರೆತ ಗಡ್ಡದ ಇನ್ನೊಬ್ಬ ಗ್ರಿಂಗೊ ಹನ್ನೆರಡರ ಹುಡುಗಿಯ ಕೈ ಹಿಡಿದು ಎದಿಲ್ಬೆರ್ತೊನ ದೋಣಿ ಹತ್ತುತ್ತಿದ್ದ. ಮಕ್ಕಳ ಜೊತೆ ಬಂದವರ ಕಾಗದ ನೋಡಿ ಎಂಬ ಬೋರ್ಡು ತಲೆಯ ಮೇಲೇ ಇದೆ. ನೋಡುವ ಗಂಡಸು ಒಬ್ಬನೂ ಇಲ್ಲ. ನನ್ನ ಮೈಯೆಲ್ಲ ಉರಿಯಿತು. ತಟ್ಟೆ ಸಮೇತ ನಾನೂ ಹತ್ತಿದೆ.

"ಯಾರ ಮಗಳೇ ನೀನು?" ಎಂದೆ.

"ನನ್ನ ಗೆಳತಿ ಮಗಳು," ಎಂದ ಗ್ರಿಂಗೊ, ಹರಕು ಮುರುಕು ಸ್ಪ್ಯಾನಿಷಿನಲ್ಲಿ.

"ನಿನ್ನ ಕೇಳ್ಲಿಲ್ಲ, ಬಾಯಿ ಮುಚ್ಚು. ಹೇಳು ಪುಟ್ಟಿ, ಇವನ ಹೆಸರೇನು?"

ಹುಡುಗಿ ತಲೆ ತಗ್ಗಿಸಿ, "ಗೊತ್ತಿಲ್ಲ," ಎಂದಳು.

ಹನ್ನೊಂದು ವರ್ಷದ ಮೇಲೆ ತಮ್ಮನ ಕಡೆ ತಿರುಗಿದೆ. "ಕೇಳಿಸ್ತೇನೋ? ಇಲ್ಲ, ಈ ಸಲಾನೂ ಕಡಲು ನೋಡ್ತೀಯಾ?"

ಅವನು ಹಗ್ಗ ಬಿಚ್ಚಿದ. ದೋಣಿ ಬಿಟ್ಟೇಬಿಟ್ಟ. "ಅಯ್ಯೋ ಪಾಪಿ, ಇವಳನ್ನೂ ಬಲಿ ಕೊಡ್ತೀಯೇನೋ!" ಎಂದು ಕಿರುಚಿದೆ. ಅರ್ಧ ದಾರಿಯಲ್ಲಿ, ಯಾವ ದಡಕ್ಕೂ ಈಜಲಾಗದ ಕಡೆ, ಅವನು ಎಂಜಿನ್ ನಿಲ್ಲಿಸಿದ. ಹುಡುಗಿಯನ್ನು ತಂದು ನನ್ನ ಪಕ್ಕ ಕೂರಿಸಿದ. ವೈರ್‌ಲೆಸ್ ತೆಗೆದು ಕರಾವಳಿ ಕಾವಲಿನವರನ್ನು ಕರೆದ.

"ಜೆಟ್ಟೀಲಿ ಹಿಡಿದಿದ್ರೆ ಟ್ಯಾಕ್ಸಿ ಹತ್ತಿ ಓಡ್ತಿದ್ದ ಅಕ್ಕ. ಇಲ್ಲಿ ಎಲ್ಲಿಗೆ ಓಡ್ತಾನೆ ನೋಡೋಣ," ಎಂದ.

ಗ್ರಿಂಗೊ ಬೈದ, ಬೇಡಿದ, ಎದ್ದು ಬಂದ. ಎದಿಲ್ಬೆರ್ತೊ ಹುಟ್ಟುಗೋಲು ಎತ್ತಿ ಹಿಡಿದ. ಗ್ರಿಂಗೊ ಬಾಲ ಮುದುರಿಕೊಂಡು ಕೂತ. ಆಮೇಲೆ ತಮ್ಮ ಅವನ ತಲೆಯ ಮೇಲೆ ನೆರಳಿಗೆ ಕಟ್ಟಿದ್ದ ತಾಡಪಾಲನ್ನು ಸುತ್ತಿಟ್ಟ. ಪೂರ್ತಿ ಒಂದು ಗಂಟೆ ಹೊತ್ತು ಮಧ್ಯಾಹ್ನದ ಬಿಸಿಲು. ಹುಡುಗಿ ನನ್ನ ಮಿಠಾಯಿ ತಿಂದಳು. ಅವನ ಬೋಳು ತಲೆ ಕೆಂಪಾಗುವುದನ್ನು ನಾನು ಕಣ್ತುಂಬ ನೋಡಿದೆ. ಸುಳ್ಳೇಕೆ ಹೇಳಲಿ, ಹಬ್ಬದೂಟ ಉಂಡಷ್ಟು ತೃಪ್ತಿಯಾಯಿತು.

ಕಾವಲಿನವರು ಬಂದು ಅವನಿಗೆ ಬೇಡಿ ಹಾಕಿದರು. ಹುಡುಗಿ ಅವಳ ಅಜ್ಜಿಯ ಮನೆ ಸೇರಿದ ಮೇಲೆ ತಮ್ಮ ನನ್ನ ಕಾಲ ಬಳಿ ಕೂತ. "ಅಕ್ಕ, ಇನ್ನಾದ್ರೂ ಕ್ಷಮಿಸ್ತೀಯಾ?"

"ಕ್ಷಮಿಸೋಕೆ ನಾನ್ಯಾರೋ? ದಾರ್ಲಿಸ್‌ನ ಕೇಳು, ಹೋಗು."

ಹೋದ. ಅವಳು ಬಾಗಿಲು ತೆಗೆಯಲಿಲ್ಲ. ಈಗ ಪ್ರತಿ ಭಾನುವಾರ ಬಸ್ಸು ಹತ್ತುತ್ತಾನೆ, ಅವಳ ಮನೆಯ ಹೊರಗೆ ಸಂಜೆವರೆಗೆ ಕೂತು ವಾಪಸಾಗುತ್ತಾನೆ. ಮೊನ್ನೆ ಮಗಳು ಫೋನು ಮಾಡಿದಳು. "ಅಮ್ಮ, ಮಾವ ಇವತ್ತೂ ಬಂದು ಕೂತಿದಾನೆ. ಏನ್ ಮಾಡ್ಲಿ?"

"ಕೂತಿರ್ಲಿ ಬಿಡು," ಎಂದೆ.

ಕಿಟಕಿಯಿಂದ ಒಂದು ಲೋಟ ನೀರು ಕೊಟ್ಟಳಂತೆ. ನಾನಾಗಿದ್ದರೆ ಅದನ್ನೂ ಕೊಡುತ್ತಿರಲಿಲ್ಲ.